ಕೆಂಪು ಗೆರೆಯೊಳಗಿನ ಚಿನ್ನ

2021ರಲ್ಲಿ ನಮ್ಮ ಸೊಸೈಟಿಯ ಕಸದ ಡಬ್ಬಿಗೆ ಆಗಾಗ ಚಿನ್ನ ಬೀಳುತ್ತಿತ್ತು ಎಂದರೆ ನೀವು ನಗುತ್ತೀರಿ. ಆದರೆ ಸುಳ್ಳಲ್ಲ. ಆ ವರ್ಷ ಮೇ ತಿಂಗಳಲ್ಲಿ ಮನೆಯಲ್ಲೇ ಕೊರೋನಾ ಪರೀಕ್ಷೆ ಮಾಡಿಕೊಳ್ಳುವ ಕಿಟ್‌ಗೆ ನಮ್ಮ ದೇಶದಲ್ಲಿ ಮೊದಲ ಸಲ ಒಪ್ಪಿಗೆ ಸಿಕ್ಕಿತು. ಪುಣೆಯ ಕಂಪನಿಯೊಂದರ ಕಿಟ್ ಅದು. ಆಮೇಲೆ ಸ್ವಲ್ಪ ದಿನದಲ್ಲೇ ಮೆಡಿಕಲ್ ಸ್ಟೋರಿನಲ್ಲಿ ಅಂಥವು ಬಿಸ್ಕೆಟ್ ಪ್ಯಾಕೆಟ್ಟಿನ ಹಾಗೆ ಸಿಗತೊಡಗಿದವು. ಮೂಗಿಗೆ ಕಡ್ಡಿ ಹಾಕುವುದು, ದ್ರಾವಣದಲ್ಲಿ ತಿರುಗಿಸುವುದು, ಹನಿ ಬಿಡುವುದು, ಕಾಯುವುದು... ಅಲ್ಲಿ ಮೂಡುವ ಕೆಂಪು ಗೆರೆ ಇದೆಯಲ್ಲ, ಅದು ಸಾಮಾನ್ಯವಾಗಿ ಚಿನ್ನದ್ದು. ನಿಜವಾದ ಚಿನ್ನ! ಒಂದು ಸ್ಟ್ರಿಪ್ಪಿನಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಹಾಗಾಗಿ ಯಾರೂ ಡಬ್ಬಿಗೆ ಕೈ ಹಾಕುವ ಅಗತ್ಯವಿಲ್ಲ.

ಆಗ ನನ್ನ ಬಾಗಿಲು ತಟ್ಟುವವರ ಪ್ರಶ್ನೆ ಒಂದೇ. "ಕಾಕಾ, ಏಕಚ್ ಲೈನ್ ಆಲೀ, ಮ್ಹಣಜೆ ಠೀಕ್ ನಾ?" ಒಂದೇ ಗೆರೆ ಬಂದಿದೆ, ಅಂದರೆ ಸರಿ ಇದ್ದೇವೆ ತಾನೆ? ಅಂಧೇರಿಯ ಒಂದು ಪುಟ್ಟ ಪ್ಯಾಥಾಲಜಿ ಲ್ಯಾಬಿನಲ್ಲಿ ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದವನು ನಾನು ಎಂಬುದು ಬಿಲ್ಡಿಂಗಿನವರಿಗೆಲ್ಲ ಗೊತ್ತು. ಹೌದು ಅಥವಾ ಇಲ್ಲ ಎಂಬ ಒಂದೇ ಮಾತು ಅವರಿಗೆ ಬೇಕಾಗಿತ್ತು. ನನಗೋ ಹಾಗೆ ಹೇಳಲು ಬಾಯಿ ಬರುತ್ತಿರಲಿಲ್ಲ. "ಜ್ವರ, ಕೆಮ್ಮು ಇದೆಯಾ? ಇದ್ದರೆ ಆರ್‌ಟಿಪಿಸಿಆರ್ ಮಾಡಿಸಿ" ಎನ್ನುತ್ತಿದ್ದೆ. 2020ರ ಜೂನ್‌ನಲ್ಲಿ ಐಸಿಎಂಆರ್ ಹೇಳಿದ್ದೂ ಅದನ್ನೇ: ಲಕ್ಷಣ ಇದ್ದೂ ಈ ಟೆಸ್ಟ್ ನೆಗೆಟಿವ್ ಬಂದರೆ ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಯಾಕೆ ಹಾಗೆ? ಇಷ್ಟು ಚೆಂದದ ಗೆರೆಯನ್ನು ಪೂರ್ತಿ ನಂಬಲು ಯಾಕಾಗುವುದಿಲ್ಲ? ಆ ವಿಷಯವನ್ನು ಒಮ್ಮೆ ಸಾವಕಾಶವಾಗಿ ಬರೆಯಬೇಕು ಅಂತ ಅಂದಿನಿಂದಲೂ ಇತ್ತು.

ಇಂಥ ಸಾಧನಗಳಿಗೆ ಆಪ್ಟಿಕಲ್ ಬಯೋಸೆನ್ಸರ್ ಎಂದು ದೊಡ್ಡ ಹೆಸರು. ಹೆಸರಿಗೆ ಹೆದರಬೇಕಾಗಿಲ್ಲ. ಮೂರು ಸಾಮಾನು ಇದ್ದರೆ ಮುಗಿಯಿತು. ಒಂದು, ಬೇಕಾದ ವಸ್ತುವನ್ನು ಸಂತೆಯ ಗದ್ದಲದ ನಡುವೆಯೂ ಗುರುತು ಹಿಡಿಯುವ ಜೀವವಸ್ತು. ಎಂಜೈಮ್ ಆಗಬಹುದು, ಆಂಟಿಬಾಡಿ ಆಗಬಹುದು. ಎರಡು, ಗುರುತು ಸಿಕ್ಕಿತು ಎಂಬುದನ್ನು ಬೆಳಕಿನ ಭಾಷೆಯಲ್ಲಿ ಹೇಳುವ ವಸ್ತು. ಬಣ್ಣ ಬದಲಾಗಬಹುದು, ಹೊಳಪು ಬರಬಹುದು, ಬೆಳಕು ಬಾಗುವ ಕೋನ ಬದಲಾಗಬಹುದು. ಮೂರು, ಇವೆರಡನ್ನೂ ಹಿಡಿದು ಕೂರಿಸುವ ಆಸನ. ಕಾಗದ, ಗಾಜು, ಪ್ಲಾಸ್ಟಿಕ್, ಲೋಹದ ಹಾಳೆ ಹೀಗೆ. ಮೂರರಲ್ಲಿ ಯಾವುದು ಎಡವಿದರೂ ಉತ್ತರ ತಪ್ಪುತ್ತದೆ. ನಾವು ನೋಡುವುದು ಮಾತ್ರ ಗೆರೆಯನ್ನು!

ನಾನು ಲ್ಯಾಬಿಗೆ ಸೇರಿದ್ದು 1988ರಲ್ಲಿ. ಆಗ ಮಲೇರಿಯಾ ಎಂದರೆ ಸ್ಮಿಯರ್. ಬೆರಳು ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ರಕ್ತ ಎಳೆದು, ಲೀಶ್ಮನ್ ಸ್ಟೇನ್ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಕಣ್ಣು ನೋಯುವವರೆಗೆ ಹುಡುಕುವುದು. ಜುಲೈಯಿಂದ ಅಕ್ಟೋಬರ್ ತನಕ ಮುಂಬಯಿಯಲ್ಲಿ ಅದೇ ಕೆಲಸ. ಇಲ್ಲಿನ ಮಲೇರಿಯಾ ಸೊಳ್ಳೆ ಗಟಾರದ್ದಲ್ಲ. ಟೆರೇಸಿನ ನೀರಿನ ಟಾಂಕಿ, ಕಟ್ಟುತ್ತಿರುವ ಬಿಲ್ಡಿಂಗಿನಲ್ಲಿ ನಿಂತ ಚೊಕ್ಕ ನೀರು, ಇವೇ ಅದಕ್ಕೆ ಬೇಕು. ದಿನಕ್ಕೆ ಐವತ್ತು ಅರವತ್ತು ಸ್ಲೈಡ್ ನೋಡಿ ಮನೆಗೆ ಹೋದರೆ ಊಟದ ತಟ್ಟೆಯ ಅನ್ನದಲ್ಲೂ ನೇರಳೆ ಉಂಗುರಗಳು ಕಾಣುತ್ತಿದ್ದವು ಮಾರಾಯ್ರೆ!

ತೊಂಬತ್ತರ ದಶಕದ ಕೊನೆಗೆ ಕಾರ್ಡ್ ಟೆಸ್ಟ್ ಬಂತು. ಒಂದು ಹನಿ ರಕ್ತ, ನಾಲ್ಕು ಹನಿ ಬಫರ್, ಹದಿನೈದು ಇಪ್ಪತ್ತು ನಿಮಿಷ. ಎರಡು ಗೆರೆ ಬಂದರೆ ಮಲೇರಿಯಾ, ಒಂದೇ ಬಂದರೆ ಇಲ್ಲ. ಮೈಕ್ರೋಸ್ಕೋಪ್ ಬೇಡ, ಸ್ಟೇನ್ ಬೇಡ, ನನ್ನಂಥವನೂ ಬೇಡ. ಗಲ್ಲಿ ಗಲ್ಲಿಯ ಡಿಸ್ಪೆನ್ಸರಿಗೂ ಅದು ತಲುಪಿತು.

2001ರ ಆಗಸ್ಟ್ ಇರಬೇಕು. ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕುಂದಾಪುರ ಕಡೆಯ ಹುಡುಗನೊಬ್ಬ ಬಂದ. ಹದಿನೆಂಟರ ಪ್ರಾಯ. ದಿನ ಬಿಟ್ಟು ದಿನ ಚಳಿ ಜ್ವರ, ಮಧ್ಯದ ದಿನ ಹುಷಾರು. ಎರಡು ವಾರದಿಂದ ಹೀಗೇ ನಡೆದಿತ್ತು. ಮೊದಲ ವಾರ ಯಾವುದೋ ಡಿಸ್ಪೆನ್ಸರಿಯಲ್ಲಿ ಕಾರ್ಡ್ ಟೆಸ್ಟ್ ಮಾಡಿ "ಮಲೇರಿಯಾ ಇಲ್ಲ" ಎಂದು ಬರೆದುಕೊಟ್ಟಿದ್ದರು. ಆ ಚೀಟಿಯೇ ಅವನಿಗೆ ಮುಳುವಾಯಿತು. ಹುಷಾರಿದ್ದ ದಿನ ನೋಡಿದವರು ಹುಡುಗ ಸುಳ್ಳು ಜ್ವರ ಹೇಳಿ ಮಲಗುತ್ತಾನೆ ಅಂದುಕೊಂಡರು. ಸಂಬಳ ಕಟ್ ಆಯಿತು. ಇನ್ನೊಂದು ರಜೆ ಹಾಕಿದರೆ ಊರಿನ ಬಸ್ಸು ಹತ್ತು ಎಂದೂ ಹೇಳಿದ್ದರಂತೆ. "ಅಣ್ಣಾ, ನಾನ್ ನಾಟ್ಕ ಮಾಡುದಲ್ಲ. ನೀವಾರೂ ಶೆಟ್ರಿಗೆ ಒಂದ್ ಮಾತ್ ಹೇಳಿ" ಎಂದ. ಕೈ ಹಿಡಿದರೆ ಸುಡುತ್ತಿತ್ತು.

ಸ್ಲೈಡ್ ನೋಡಿದರೆ ಹುಡುಕುವ ಕಷ್ಟವೇ ಇರಲಿಲ್ಲ. ಊದಿಕೊಂಡ ಕೆಂಪು ರಕ್ತಕಣ, ಅದರೊಳಗೆ ಕೈಕಾಲು ಚಾಚಿದ ಪರಾವಲಂಬಿ, ಸುತ್ತ ನವಿರಾದ ಚುಕ್ಕಿಗಳು. ವೈವ್ಯಾಕ್ಸ್ ಮಲೇರಿಯಾದ ಪಠ್ಯಪುಸ್ತಕದ ಚಿತ್ರ! ರಿಪೋರ್ಟ್ ಬರೆದು, ಅವನ ಜೊತೆಗೇ ಹೋಟೆಲಿಗೆ ಹೋಗಿ ಶೆಟ್ರ ಕೈಗೆ ಕೊಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. "ಮಿಷಿನ್ ಇಲ್ಲ ಅಂತ ಹೇಳಿದ ಮೇಲೆ ನಾನು ಯಾರನ್ನು ನಂಬೂದು ಹೇಳಿ?" ಎಂದರು. ಡಾಕ್ಟರು ಕ್ಲೋರೋಕ್ವಿನ್ ಕೊಟ್ಟು, ಮೇಲೆ 14 ದಿನದ ಪ್ರೈಮಾಕ್ವಿನ್ ಬರೆದರು. ಹುಡುಗ ಉಳಿದ, ಕೆಲಸವೂ ಉಳಿಯಿತು.

ಹಾಗಾದರೆ ಆ ಕಾರ್ಡು ಕೆಟ್ಟಿತ್ತೇ? ಇಲ್ಲ. ಆ ಡಿಸ್ಪೆನ್ಸರಿಯಲ್ಲಿ ಬಳಸುತ್ತಿದ್ದ ಡಬ್ಬಿಯನ್ನು ಆಮೇಲೆ ನೋಡಿದೆ. ಮೇಲೆ ಸಣ್ಣಕ್ಷರದಲ್ಲಿ "ಪಿ.ಎಫ್." ಎಂದಿತ್ತು. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಒಂದು ಜಾತಿಯನ್ನಷ್ಟೇ ಗುರುತಿಸುವ ಕಾರ್ಡ್ ಅದು. ಆ ಜಾತಿ ಸ್ರವಿಸುವ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಮಾತ್ರ ಅದರ ಗೆರೆಯಲ್ಲಿತ್ತು. ವೈವ್ಯಾಕ್ಸ್ ಆ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಕಾರ್ಡು ಹೇಳಿದ್ದು "ಎಚ್‌ಆರ್‌ಪಿ-2 ಕಾಣಲಿಲ್ಲ" ಎಂದು. ಚೀಟಿ ಬರೆದವರ ಕೈಯಲ್ಲಿ ಅದು "ಮಲೇರಿಯಾ ಇಲ್ಲ" ಆಯಿತು. ಶೆಟ್ರ ಬಾಯಿಯಲ್ಲಿ "ನಾಟಕ" ಆಯಿತು. ಅಲ್ಲಿಂದ ಮುಂದೆ ಯಾವ ಕಿಟ್ ಕೈಗೆ ಬಂದರೂ ಅದರೊಳಗೆ ಏನಿದೆ ಎಂದು ತಿಳಿಯದೆ ನನಗೆ ಸಮಾಧಾನ ಆಗುತ್ತಿರಲಿಲ್ಲ.

ಬನ್ನಿ, ಒಂದು ಕಾರ್ಡನ್ನು ಬಿಚ್ಚಿಯೇ ನೋಡೋಣ. ಪ್ಲಾಸ್ಟಿಕ್ ಕವಚ ತೆಗೆದರೆ ಒಳಗೆ ಬೆರಳಿಗಿಂತ ಕಿರಿದಾದ ಒಂದು ಪಟ್ಟಿ. ಅದೂ ಒಂದೇ ಕಾಗದವಲ್ಲ, ಒಂದರ ಮೇಲೊಂದು ಸ್ವಲ್ಪ ಹೊದಿಸಿದಂತೆ ಅಂಟಿಸಿದ ನಾಲ್ಕು ತುಂಡು. ಹನಿ ಬೀಳುವ ಜಾಗದಲ್ಲಿ ಸ್ಯಾಂಪಲ್ ಪ್ಯಾಡ್. ಪಕ್ಕದಲ್ಲಿ ಸಾಮಾನ್ಯವಾಗಿ ಗಾಜಿನ ನಾರಿನ ಇನ್ನೊಂದು ಪ್ಯಾಡ್; ಚಿನ್ನದ ಕಣಗಳು ಆಂಟಿಬಾಡಿಯ ಅಂಗಿ ತೊಟ್ಟು ಒಣಗಿ ಕಾಯುತ್ತಿರುವುದು ಅಲ್ಲೇ. ಆಮೇಲೆ ಬಿಳಿ ಪೊರೆ, ನೈಟ್ರೋಸೆಲ್ಯುಲೋಸ್. ಗೆರೆಗಳು ಮೂಡುವುದು ಇದರ ಮೇಲೆ. ಕೊನೆಗೆ ಉಳಿದ ದ್ರವವನ್ನೆಲ್ಲ ಹೀರಿಕೊಳ್ಳುವ ದಪ್ಪ ಪ್ಯಾಡ್. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಪಟ್ಟಿ ತಾನೇ ದ್ರವವನ್ನು ಎಳೆದುಕೊಂಡು ಹೋಗುತ್ತದೆ. ಪಂಪಿಲ್ಲ, ಬ್ಯಾಟರಿಯಿಲ್ಲ.

ಟೆಸ್ಟ್ ಗೆರೆಯ ಜಾಗದಲ್ಲಿ ಕಣ್ಣಿಗೆ ಕಾಣದಂತೆ ಆಂಟಿಬಾಡಿಯ ಒಂದು ಗೀಟು ಎಳೆದಿರುತ್ತಾರೆ. ರಕ್ತದಲ್ಲಿ ಹುಡುಕುತ್ತಿರುವ ಪ್ರೋಟೀನ್ ಇದ್ದರೆ ದಾರಿಯಲ್ಲಿ ಮೊದಲು ಚಿನ್ನದ ಮೇಲಿನ ಆಂಟಿಬಾಡಿ ಅದನ್ನು ಹಿಡಿದುಕೊಳ್ಳುತ್ತದೆ. ಮುಂದೆ ಗೀಟಿನ ಆಂಟಿಬಾಡಿ ಅದೇ ಪ್ರೋಟೀನಿನ ಇನ್ನೊಂದು ಬದಿಯನ್ನು ಹಿಡಿಯುತ್ತದೆ. ಹೀಗೆ ಚಿನ್ನದ ಕಣಗಳು ಅಲ್ಲೇ ಸಿಕ್ಕಿಬಿದ್ದು, ಲಕ್ಷಾಂತರ ಸೇರಿ ಗೆರೆಯಾಗುತ್ತವೆ. ಪ್ರೋಟೀನ್ ಇಲ್ಲದಿದ್ದರೆ ಚಿನ್ನ ನಿಲ್ಲದೆ ಮುಂದೆ ಹೋಗುತ್ತದೆ. ಮುಂದಿನ ಕಂಟ್ರೋಲ್ ಗೆರೆಯಲ್ಲಿ ಇರುವುದು ಚಿನ್ನದ ಮೇಲಿನ ಆಂಟಿಬಾಡಿಯನ್ನೇ ಹಿಡಿಯುವ ಇನ್ನೊಂದು ಆಂಟಿಬಾಡಿ. ರೋಗ ಇರಲಿ ಬಿಡಲಿ, ಅಲ್ಲಿ ಗೆರೆ ಬರಲೇಬೇಕು. ಬರದಿದ್ದರೆ ಕಾರ್ಡನ್ನು ಎಸೆದು ಇನ್ನೊಂದು ತೆಗೆದುಕೊಳ್ಳಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಕಂಟ್ರೋಲ್ ಗೆರೆ ಬಂತು ಎಂದರೆ ದ್ರವ ಹರಿಯಿತು, ಚಿನ್ನ ಸಾಗಿತು, ಆ ಒಂದು ಗೀಟು ಚೆನ್ನಾಗಿದೆ ಎಂದಷ್ಟೇ. ಪಕ್ಕದ ಟೆಸ್ಟ್ ಗೀಟಿನ ಆಂಟಿಬಾಡಿಗೆ ಜೀವ ಇದೆಯೋ ಬಿಸಿಲಿಗೆ ಸತ್ತಿದೆಯೋ ಎಂದು ಅದು ಹೇಳುವುದಿಲ್ಲ. ಕಂಟ್ರೋಲ್ ಬಂತಲ್ಲ, ಕಿಟ್ ಸರಿ ಇದೆ ಎಂದು ಬಹಳ ಮಂದಿ ಕಣ್ಣು ಮುಚ್ಚಿ ನಂಬುತ್ತಾರೆ. ಅರ್ಧ ಮಾತ್ರ ನಿಜ ಅದು.

ಚಿನ್ನವೇ ಯಾಕೆ? ಕೆಂಪು ಯಾಕೆ? ಝವೇರಿ ಬಜಾರಿನಲ್ಲಿ ನಿಂತು ಹಳದಿ ಹಳದಿ ಸರಗಳನ್ನು ನೋಡಿದವರಿಗೆ ಇದು ಒಗಟೇ ಸರಿ. ಗೆರೆಯಲ್ಲಿರುವ ಕಣದ ಅಳತೆ ಸುಮಾರು 40 ನ್ಯಾನೋಮೀಟರ್. ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಅಂಥವು ಎರಡು ಸಾವಿರ ಸಾಲಾಗಿ ನಿಲ್ಲುತ್ತವೆ. ಅಷ್ಟು ಸಣ್ಣದಾದಾಗ ಲೋಹದೊಳಗಿನ ಎಲೆಕ್ಟ್ರಾನುಗಳೆಲ್ಲ ಬೆಳಕಿನ ತಾಳಕ್ಕೆ ಒಟ್ಟಾಗಿ ಓಲಾಡುತ್ತವೆ. ಚಿನ್ನಕ್ಕೆ ಈ ತಾಳ ಕೂಡಿಬರುವುದು ಹಸಿರು ಬೆಳಕಿನಲ್ಲಿ, 520ರಿಂದ 530 ನ್ಯಾನೋಮೀಟರ್ ತರಂಗದ ಹತ್ತಿರ. ಹಸಿರನ್ನು ನುಂಗಿದ ಮೇಲೆ ನಮ್ಮ ಕಣ್ಣಿಗೆ ಬರುವುದು ಕೆಂಪು. ಬಣ್ಣದ ಪುಡಿ ಬೆರೆಸಿದ್ದಲ್ಲ; ಲೋಹದ ಗಾತ್ರವೇ ಬಣ್ಣ ಕೊಡುತ್ತದೆ. ಹಾಗಾಗಿ ಡೈಗಳ ಹಾಗೆ ಬೇಗ ಮಾಸುವುದಿಲ್ಲ.

ಇದನ್ನು ಮೊದಲು ಕೂತು ಪರೀಕ್ಷಿಸಿದವರು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ! ಚಿನ್ನದ ಲವಣದಿಂದ ಮಾಣಿಕ್ಯದಂಥ ಕೆಂಪು ದ್ರವ ತಯಾರಿಸಿ, ಇದರಲ್ಲಿರುವುದು ತೀರಾ ಸಣ್ಣ ಕಣಗಳಾಗಿ ಒಡೆದ ಚಿನ್ನವೇ ಎಂದು 1857ರಲ್ಲಿ ಹೇಳಿದರು. ಅವರು ಮಾಡಿದ ದ್ರವದ ಶೀಶೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಇವೆ. ಇದರ ಲೆಕ್ಕಾಚಾರವನ್ನು 1908ರಲ್ಲಿ ಬಿಡಿಸಿದವರು ಜರ್ಮನಿಯ ಗುಸ್ತಾವ್ ಮೀ. 1951ರಲ್ಲಿ ಟರ್ಕೆವಿಚ್ ಎಂಬ ರಸಾಯನಶಾಸ್ತ್ರಿ ಮತ್ತು ಸಂಗಡಿಗರು ತಯಾರಿಯನ್ನು ಅಡುಗೆಯಷ್ಟು ಸುಲಭ ಮಾಡಿಟ್ಟರು. ಚಿನ್ನದ ಕ್ಲೋರೈಡ್ ದ್ರಾವಣವನ್ನು ಕುದಿಸಿ ಅದಕ್ಕೆ ಸೋಡಿಯಂ ಸಿಟ್ರೇಟ್ ಹಾಕುವುದು. ತಿಳಿ ಹಳದಿ ನೀರು ಮೊದಲು ಬಣ್ಣಗೆಟ್ಟು ಕಪ್ಪಿಡುತ್ತದೆ, ಹಾಗೇ ನೋಡುತ್ತಿರುವಂತೆ ಕೋಕಂ ಶರಬತ್ತಿನ ಕೆಂಪಿಗೆ ತಿರುಗುತ್ತದೆ.

ಈ ಕೆಂಪು ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ. ತಕ್ಷಣ ನೀಲಿಗೆ ತಿರುಗುತ್ತದೆ. ಕಣಗಳು ಒಂದನ್ನೊಂದು ದೂರ ತಳ್ಳುತ್ತಿದ್ದ ಶಕ್ತಿಯನ್ನು ಉಪ್ಪು ಮುರಿಯುತ್ತದೆ, ಅವು ಮುದ್ದೆಗಟ್ಟುತ್ತವೆ, ಮುದ್ದೆಯ ತಾಳವೇ ಬೇರೆ. ಆದರೆ ಮೊದಲೇ ಪ್ರೋಟೀನ್ ಬೆರೆಸಿದ್ದರೆ ಅದು ಕಣದ ಸುತ್ತ ಅಂಗಿಯಂತೆ ಹತ್ತಿಕೊಂಡು ಉಪ್ಪಿನಿಂದ ಕಾಪಾಡುತ್ತದೆ. ಕಿಟ್ ಮಾಡುವವರು ಆಂಟಿಬಾಡಿ ಸರಿಯಾಗಿ ಹತ್ತಿದೆಯೇ ಎಂದು ನೋಡಲು ಇದೇ ಉಪ್ಪಿನ ಪರೀಕ್ಷೆ ಮಾಡುತ್ತಾರೆ. ನಮ್ಮ ರಕ್ತದಲ್ಲೂ ಉಪ್ಪಿದೆ ನೋಡಿ. ಅಂಗಿ ಹರಿದ ಚಿನ್ನ ರಕ್ತಕ್ಕೆ ಸಿಕ್ಕರೆ ದಾರಿಯಲ್ಲೇ ಗಂಟುಕಟ್ಟಿ ನಿಂತುಬಿಡುತ್ತದೆ.

ಇನ್ನು ಆ ಬಿಳಿ ಪೊರೆ. ಹತ್ತಿಯ ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲ ಸೇರಿಸಿದರೆ ನೈಟ್ರೋಸೆಲ್ಯುಲೋಸ್. 1846ರಲ್ಲಿ ಶೋನ್‌ಬೈನ್ ಎಂಬಾತ ಇದನ್ನು ಜಗತ್ತಿಗೆ ತೋರಿಸಿದಾಗ ಅದರ ಉಪಯೋಗ ಸಿಡಿಮದ್ದಿಗೆ! ಹಳೆಯ ಸಿನಿಮಾ ರೀಲುಗಳೂ ಇದರಿಂದಲೇ ಆದವು. 2003ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ಹತ್ತಿದ ಬೆಂಕಿಯಲ್ಲಿ ಸುಟ್ಟುಹೋದದ್ದು ಇಂಥ ನೈಟ್ರೇಟ್ ರೀಲುಗಳೇ. ಸಿಡಿಯುವ, ಉರಿಯುವ ಈ ವಸ್ತುವಿಗೆ ಒಂದು ಒಳ್ಳೆಯ ಗುಣವೂ ಇದೆ. ಪ್ರೋಟೀನು ತಾಗಿದರೆ ಬಿಡದೆ ಹಿಡಿದುಕೊಳ್ಳುತ್ತದೆ. ಅಂಟು ಬೇಡ, ರಸಾಯನದ ಕಸರತ್ತು ಬೇಡ. ಗೀಟು ಎಳೆದು ಒಣಗಿಸಿದರೆ ಸಾಕು. ಜೊತೆಗೆ ಮೈಯೆಲ್ಲ ಸೂಕ್ಷ್ಮ ರಂಧ್ರಗಳು, ದ್ರವ ಸರಾಗವಾಗಿ ಹರಿಯುತ್ತದೆ. ಬಣ್ಣವೂ ಅಚ್ಚ ಬಿಳಿ, ಕೆಂಪು ಗೆರೆ ಎದ್ದು ಕಾಣುತ್ತದೆ.

ಈ ಪೊರೆಯ ವೈರಿ ಮುಂಬಯಿಯ ಹವೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವ ಊರು ಇದು. ತೇವ ಹೀರಿದರೆ ಒಣಗಿಸಿಟ್ಟ ಆಂಟಿಬಾಡಿ ಹಾಳಾಗತೊಡಗುತ್ತದೆ, ಚಿನ್ನ ಪ್ಯಾಡಿನಿಂದ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ, ಹರಿವಿನ ವೇಗವೂ ಏರುಪೇರಾಗುತ್ತದೆ. ಅದಕ್ಕೇ ಪ್ರತಿ ಕಾರ್ಡೂ ಬೇರೆ ಬೇರೆ ಫಾಯಿಲ್ ಪೊಟ್ಟಣದಲ್ಲಿ, ಜೊತೆಗೆ ಸಿಲಿಕಾ ಜೆಲ್ಲಿನ ಪುಟ್ಟ ಚೀಲ. ನನ್ನ ಕಣ್ಣಾರೆ ಕಂಡಿದ್ದೇನೆ, ಬೆಳಿಗ್ಗೆ ಬಂದ ಕೂಡಲೇ ಹತ್ತು ಪೊಟ್ಟಣ ಹರಿದು ಟ್ರೇನಲ್ಲಿ ಜೋಡಿಸಿಟ್ಟು, ಸಂಜೆಯವರೆಗೆ ಒಂದೊಂದೇ ಬಳಸುವ ಡಿಸ್ಪೆನ್ಸರಿಗಳನ್ನು. ಸಮಯ ಉಳಿಯುತ್ತದಂತೆ! ಪೊಟ್ಟಣದ ಮೇಲೆ 30 ಡಿಗ್ರಿಯೋ 40 ಡಿಗ್ರಿಯೋ ಎಂದು ಥರ್ಮಾಮೀಟರಿನ ಚಿತ್ರದ ಪಕ್ಕ ಬರೆದಿರುತ್ತದೆ. ಮೇ ತಿಂಗಳಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಊರೆಲ್ಲ ಸುತ್ತಿ ಬಂದ ಡಬ್ಬಿಗೆ ಆ ಲೆಕ್ಕ ಯಾರು ಹೇಳಬೇಕು?

ಮೂರನೆಯದು ಆಂಟಿಬಾಡಿ, ನನ್ನ ಮಟ್ಟಿಗೆ ಅದೇ ಮುಖ್ಯ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ತಳಿಯ ಆಂಟಿಬಾಡಿಯನ್ನು ಬೇಕಾದಷ್ಟು ಬೆಳೆಸುವ ದಾರಿ ಕಂಡುಹಿಡಿದರು. ಇಲಿಯ ಆಂಟಿಬಾಡಿ ತಯಾರಿಸುವ ಕೋಶವನ್ನು ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕೋಶದ ಜೊತೆ ಬೆಸೆಯುವ ಉಪಾಯ ಅದು. 1984ರಲ್ಲಿ ನೊಬೆಲ್ ಬಂತು. ಅದಿಲ್ಲದೆ ಈ ಕಾರ್ಡುಗಳೇ ಇಲ್ಲ. ಬಸುರಿನ ಪರೀಕ್ಷೆಯ ಕಡ್ಡಿಯನ್ನೇ ನೋಡಿ. ಎಚ್‌ಸಿಜಿ ಹಾರ್ಮೋನಿನ ಒಂದು ಭಾಗ ದೇಹದ ಬೇರೆ ಮೂರು ಹಾರ್ಮೋನುಗಳಲ್ಲೂ ಇದೆ. ಉಳಿದ ಭಾಗವನ್ನಷ್ಟೇ ಹಿಡಿಯುವ ಚೂಟಿ ಆಂಟಿಬಾಡಿ ಬೇಕು, ಇಲ್ಲವಾದರೆ ಮನೆಯ ಹೆಂಗಸರೆಲ್ಲ ಬಸುರಿ ಎಂದು ಕಡ್ಡಿ ಹೇಳೀತು. 1988ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಒಂದೇ ಹಂತದ ಕಡ್ಡಿಯಲ್ಲಿ ಚಿನ್ನ ಇರಲಿಲ್ಲ, ನೀಲಿ ಲೇಟೆಕ್ಸ್ ಕಣಗಳಿದ್ದವು. ಹಾಗಾಗಿ ಗೆರೆಯೂ ನೀಲಿ.

ಆಂಟಿಬಾಡಿ ಎಷ್ಟು ಚೂಟಿಯೋ ಅಷ್ಟೇ ಹಟಮಾರಿ. ಕಲಿಸಿದ್ದನ್ನಷ್ಟೇ ಗುರುತಿಸುತ್ತದೆ. ಎಚ್‌ಆರ್‌ಪಿ-2 ಪ್ರೋಟೀನು ರೋಗಿ ಗುಣವಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಸುತ್ತುತ್ತಿರುತ್ತದೆ. ಆಗ ಮಾಡಿದ ಕಾರ್ಡು ಪಾಸಿಟಿವ್. ಪರಾವಲಂಬಿ ಸತ್ತು ಎಷ್ಟೋ ದಿನ ಆಗಿದ್ದರೂ. ಇದರ ಉಲ್ಟಾ ಇನ್ನೂ ಅಪಾಯ. 2010ರಲ್ಲಿ ಪೆರು ದೇಶದಿಂದ ಸುದ್ದಿ ಬಂತು, ಅಲ್ಲಿನ ಕೆಲವು ಫಾಲ್ಸಿಪಾರಂಗಳಲ್ಲಿ ಆ ಪ್ರೋಟೀನಿನ ಜೀನೇ ಇಲ್ಲ ಎಂದು. ಅಸಲಿ ಮಲೇರಿಯಾ, ಕೊಲ್ಲಬಲ್ಲ ಮಲೇರಿಯಾ, ಆದರೆ ಕಾರ್ಡಿನ ಕಣ್ಣಿಗೆ ಕಾಣದ್ದು! ಆಮೇಲೆ ಆಫ್ರಿಕಾದಲ್ಲೂ ಸಿಕ್ಕಿತು. ಎರಿಟ್ರಿಯಾದಲ್ಲಿ ಅಂಥವು ಎಷ್ಟು ಹೆಚ್ಚಾದವೆಂದರೆ 2016ರಲ್ಲಿ ಆ ದೇಶ ಎಚ್‌ಆರ್‌ಪಿ-2ನ್ನೇ ನೆಚ್ಚಿದ ಕಾರ್ಡುಗಳನ್ನು ಬಿಟ್ಟು ಬೇರೆಯದಕ್ಕೆ ಹೋಗಬೇಕಾಯಿತು. ಇಂದು ನಮ್ಮಲ್ಲಿ ಸಿಗುವ ಕಾಂಬೋ ಕಾರ್ಡುಗಳಲ್ಲಿ ಎಲ್‌ಡಿಎಚ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುವ ಗೆರೆಯೂ ಇರುತ್ತದೆ, ವೈವ್ಯಾಕ್ಸೂ ಸಿಗುತ್ತದೆ. ಆದರೂ ಜ್ವರ ಬಿಡದಿದ್ದರೆ ಸ್ಲೈಡ್ ನೋಡಬೇಕು. ಸ್ಲೈಡಿಗೆ ಜಾತಿಭೇದ ಇಲ್ಲ. ನೋಡುವ ಕಣ್ಣು ಪಳಗಿರಬೇಕು ಅಷ್ಟೇ.

ಸಕ್ಕರೆ ಕಾಯಿಲೆಯವರಿಗೂ ಈ ಬಣ್ಣದ ಕಥೆ ಹೊಸದಲ್ಲ. 1965ರ ಸುಮಾರಿಗೆ ಬಂದ ಡೆಕ್ಸ್ಟ್ರೋಸ್ಟಿಕ್ಸ್ ಎಂಬ ಪಟ್ಟಿಯ ಮೇಲೆ ರಕ್ತ ಹಾಕಿ, ಒಂದು ನಿಮಿಷ ಬಿಟ್ಟು ತೊಳೆದು, ನೀಲಿ ಎಷ್ಟು ಗಾಢ ಎಂದು ಚಾರ್ಟಿನ ಜೊತೆ ಹೋಲಿಸಬೇಕಿತ್ತು. ಗುರುತಿಸುವ ಕೆಲಸ ಗ್ಲೂಕೋಸ್ ಆಕ್ಸಿಡೇಸ್ ಎಂಬ ಎಂಜೈಮಿನದು. ಕಪ್ಪು ಬೂಷ್ಟಿನ ಜಾತಿಯ ಒಂದು ಶಿಲೀಂಧ್ರದಿಂದ ತೆಗೆಯುವುದು ಅದನ್ನು. ಟ್ಯೂಬ್‌ಲೈಟಿನ ಕೆಳಗೆ ಒಂದು ನೀಲಿ, ಕಿಟಕಿಯ ಪಕ್ಕ ಇನ್ನೊಂದು ನೀಲಿ. ಹಾಗಾಗಿ ಬಣ್ಣ ಅಳೆಯುವ ಮೀಟರ್ ಬಂತು. 1987ರಲ್ಲಿ ಬಣ್ಣವನ್ನೇ ಬಿಟ್ಟು ವಿದ್ಯುತ್ ಅಳೆಯುವ ಮೀಟರ್ ಮಾರುಕಟ್ಟೆಗೆ ಬಂತು. ಇಂದು ಮನೆಯಲ್ಲಿರುವ ಹೆಚ್ಚಿನ ಗ್ಲುಕೋಮೀಟರುಗಳು ಆ ವಂಶದವೇ. ಸಾಧನ ಬದಲಾಯಿತು, ಎಂಜೈಮಿನ ನಿಯಮ ಬದಲಾಗಲಿಲ್ಲ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಇಂದಿಗೂ ಪಟ್ಟಿ ಹಾಳು.

ದೊಡ್ಡ ಪ್ರಯೋಗಾಲಯಗಳಲ್ಲಿ ಚಿನ್ನವನ್ನು ಕಣವಾಗಿ ಅಲ್ಲ, ಹಾಳೆಯಾಗಿ ಬಳಸುತ್ತಾರೆ. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ. ಕೆಳಗಿನಿಂದ ಪ್ರಿಸಂ ಮೂಲಕ ಬೆಳಕು ಹಾಯಿಸಿದರೆ ಒಂದು ನಿರ್ದಿಷ್ಟ ಕೋನದಲ್ಲಿ ಅದು ಹಿಂದಕ್ಕೆ ಬರದೆ ಚಿನ್ನದಲ್ಲೇ ಕರಗಿಹೋಗುತ್ತದೆ. ಮೇಲ್ಭಾಗದಲ್ಲಿ ಏನಾದರೂ ಬಂದು ಅಂಟಿದರೆ ಸಾಕು, ಆ ಕೋನ ಸ್ವಲ್ಪ ಸರಿಯುತ್ತದೆ. ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಎನ್ನುತ್ತಾರೆ. 1971ರಲ್ಲಿ ಕ್ರೆಚ್‌ಮನ್ ಇದರ ಸರಳ ಜೋಡಣೆ ತೋರಿಸಿದರು, 1983ರಲ್ಲಿ ಸ್ವೀಡನ್ನಿನವರು ಅದನ್ನು ಜೀವವಸ್ತು ಹಿಡಿಯಲು ಬಳಸಿದರು, 1990ರಲ್ಲಿ ಅಲ್ಲಿಂದಲೇ ಬಯಾಕೋರ್ ಯಂತ್ರ ಬಂತು. ಇಲ್ಲಿ ಬಣ್ಣದ ಕಣ ಅಂಟಿಸುವ ಅಗತ್ಯವೇ ಇಲ್ಲ; ಎರಡು ಅಣು ಕೂಡುವುದನ್ನೂ ಬಿಡುವುದನ್ನೂ ಆ ಕ್ಷಣದಲ್ಲೇ ನೋಡಬಹುದು. ಬೆಳ್ಳಿ ಹಾಕಿದರೆ ಗುರುತು ಇನ್ನೂ ಚೂಪಾಗಿ ಬರುತ್ತದೆ. ಆದರೆ ದೇವರ ಮುಂದಿನ ಬೆಳ್ಳಿ ದೀಪ ನಮ್ಮ ಮನೆಯಲ್ಲಿ ಎಷ್ಟು ಬೇಗ ಕಪ್ಪಾಗುತ್ತದೆ ಅಂತ ನಿಮಗೂ ಗೊತ್ತು. ಇದ್ದಲ್ಲಿ ಇದ್ದ ಹಾಗೆ ಇರುವ ಗುಣಕ್ಕಾಗಿ ಚಿನ್ನ ಗೆಲ್ಲುತ್ತದೆ.

ಅಂಥ ಯಂತ್ರ ನಮ್ಮ ಗಲ್ಲಿ ಲ್ಯಾಬಿಗೆ ಕನಸಿನಲ್ಲೂ ಬರದು. ಹಾಗಾಗಿ ಪೊವಾಯಿಯ ಐಐಟಿಯಲ್ಲಿ ಸೌಮ್ಯೋ ಮುಖರ್ಜಿ ಅವರ ತಂಡ ಹಿಡಿದ ದಾರಿ ನನಗೆ ಇಷ್ಟ. ಟೆಲಿಫೋನಿಗೆ ಬಳಸುವ ಜಾತಿಯ ಆಪ್ಟಿಕಲ್ ಫೈಬರನ್ನೇ ತೆಗೆದುಕೊಂಡು, ಮೇಲಿನ ಹೊದಿಕೆ ಸುಲಿದು, ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸುವುದು. ಫೈಬರಿನೊಳಗೆ ಹರಿಯುವ ಬೆಳಕು ಬಾಗಿದ ಜಾಗದಲ್ಲಿ ಮೈಯಿಂದ ಕೂದಲೆಳೆಗಿಂತ ಬಹಳ ಕಡಿಮೆ ದೂರ ಹೊರಗೆ ಇಣುಕುತ್ತದೆ. ಅಲ್ಲಿ ಆಂಟಿಬಾಡಿ ಕೂರಿಸಿ, ಬೇಕಿದ್ದರೆ ಚಿನ್ನದ ಕಣವನ್ನೂ ಕೂರಿಸಿದರೆ, ಅಂಟಿದ್ದೆಷ್ಟು ಎಂಬುದು ಇನ್ನೊಂದು ತುದಿಯಲ್ಲಿ ಬೆಳಕು ಕಡಿಮೆಯಾದ ಲೆಕ್ಕದಲ್ಲಿ ತಿಳಿಯುತ್ತದೆ. ಒಂದು ಎಲ್‌ಇಡಿ, ಒಂದು ಬೆಳಕು ಅಳೆಯುವ ಡಯೋಡು ಇದ್ದರೆ ಸಾಕು. ದಿಲ್ಲಿಯ ಐಜಿಐಬಿಯವರು 2020ರಲ್ಲಿ ಸತ್ಯಜಿತ್ ರೇ ಅವರ ಪತ್ತೇದಾರ ಫೆಲೂದಾನ ಹೆಸರಿಟ್ಟು ತಯಾರಿಸಿದ ಕೊರೋನಾ ಟೆಸ್ಟಿನಲ್ಲಿ ಗುರುತಿಸುವ ಜಾಗಕ್ಕೆ ಆಂಟಿಬಾಡಿಯ ಬದಲು ಕ್ರಿಸ್ಪರ್‌ನ ಕ್ಯಾಸ್9 ಪ್ರೋಟೀನನ್ನು ತಂದರು. ಆದರೂ ಕೊನೆಗೆ ಉತ್ತರ ಮೂಡಿದ್ದು ಕಾಗದದ ಪಟ್ಟಿಯ ಮೇಲೆ, ಗೆರೆಯಾಗಿ!

ಇಷ್ಟೆಲ್ಲ ಓದಿ ಇವನು ಕಾರ್ಡಿನ ವಿರೋಧಿ ಎಂದುಕೊಳ್ಳಬೇಡಿ. ಮೈಕ್ರೋಸ್ಕೋಪೂ ಇಲ್ಲ, ಕರೆಂಟೂ ಇಲ್ಲ ಎಂಬ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಒಂದು ಕಾರ್ಡು ಎಷ್ಟೋ ಜೀವ ಉಳಿಸಿದೆ. ನನ್ನದು ಇಷ್ಟೇ: ಗೆರೆ ಕೊಡುವ ಉತ್ತರ ಅದರೊಳಗಿನ ಸಾಮಾನಿನಷ್ಟೇ ದೊಡ್ಡದು. ಅದಕ್ಕಿಂತ ದೊಡ್ಡ ಅರ್ಥವನ್ನು ನಾವು ಅದರ ಮೇಲೆ ಹೊರಿಸಬಾರದು, ಅದರಲ್ಲೂ ಒಬ್ಬ ಮನುಷ್ಯ ನನಗೆ ಹುಷಾರಿಲ್ಲ ಎಂದು ಎದುರಿಗೆ ನಿಂತು ಹೇಳುತ್ತಿರುವಾಗ.

ಮನೆಯಲ್ಲಿ ಕಿಟ್ ಇದ್ದರೆ ನಾಲ್ಕು ಮಾತು ನೆನಪಿಡಿ. ಅದು ಏನನ್ನು ಹುಡುಕುತ್ತದೆ ಎಂದು ಡಬ್ಬಿಯ ಮೇಲೆ ಓದಿ. ಒಲೆಯ ಹತ್ತಿರ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಪೊಟ್ಟಣವನ್ನು ಬಳಸುವಾಗಲೇ ಹರಿಯಿರಿ. ಬರೆದಿರುವ ನಿಮಿಷದಲ್ಲೇ ಗೆರೆ ನೋಡಿ. ಮಸುಕಾಗಿ ಬಂದರೂ ಅದು ಗೆರೆಯೇ. ಮರುದಿನ ಬೆಳಿಗ್ಗೆ ಒಣಗಿದ ಮೇಲೆ ಕಂಡದ್ದಕ್ಕೆ ಬೆಲೆಯಿಲ್ಲ. ಗೆರೆ ಬರಲಿಲ್ಲ, ಜ್ವರ ಮಾತ್ರ ಬಿಡಲಿಲ್ಲ ಎಂದಾದರೆ ಹತ್ತಿರದ ಲ್ಯಾಬಿಗೆ ಹೋಗಿ "ಸ್ಮಿಯರ್ ನೋಡ್ತೀರಾ?" ಅಂತ ಕೇಳಿ. ಮೂಲೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತ ಯಾರಾದರೂ ಒಬ್ಬರು ತಲೆ ಎತ್ತಿ ನೋಡಿಯಾರು.